ಬೀದರದ ಸುರಂಗಬಾವಿಯೂ ನಮ್ಮ ಮನೆಯ ಗಾಜಿನೆಳೆಯೂ

ಬೀದರವನ್ನು ನೋಡಲೆಂದು ಬರುವ ಪ್ರವಾಸಿಗಳು ಕೋಟೆಯನ್ನೂ ಮಹಮೂದ ಗವಾನನ ಮದರಸಾವನ್ನೂ ಅಷ್ಟೂರಿನ ಗೋರಿಗಳನ್ನೂ ನೋಡಿ, ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಮಾಡಿಕೊಂಡು, ಒಂದೆರಡು ಬಿದರಿ ಡಬ್ಬಿಗಳನ್ನು ಕೊಂಡು ಹಿಂದಿರುಗುವುದು ವಾಡಿಕೆ. ನೆಲದ ಮೇಲಿರುವುದನ್ನು ಕಂಡವರು ಅನೇಕರು. ನೆಲದೊಳಗಿರುವುದನ್ನು ಕಂಡವರು ವಿರಳ. ಆದರೆ ಈ ಊರಿನ ನಿಜವಾದ ಚಾತುರ್ಯವು ನೆಲದೊಳಗೇ ಅಡಗಿದೆಯೆಂದು ನಮ್ಮ ಅಭಿಪ್ರಾಯ.

ಊರು ಸಮುದ್ರಮಟ್ಟಕ್ಕಿಂತ ಸುಮಾರು ೨,೨೦೦ ಅಡಿ ಎತ್ತರದಲ್ಲಿ, ಜಂಬಿಟ್ಟಿಗೆಯ ಬಯಲಿನ ಮೇಲೆ ಕುಳಿತಿದೆ. ಈ ಕೆಂಪು ಕಲ್ಲು ನೆಲದೊಳಗಿರುವಾಗ ಮೃದು. ಅಗೆದು ಗಾಳಿಗೊಡ್ಡಿದರೆ ಗಟ್ಟಿಯಾಗುವ ಸ್ವಭಾವದ್ದು. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ಈ ಕಲ್ಲನ್ನೇ ಕೊರೆಯಿಸಿ ಕೋಟೆಗೆ ಕಂದಕ ಮಾಡಿಸಿದರು. ಕುಡಿಯುವ ನೀರಿಗಾಗಿ ಪಾರಸಿಕ ದೇಶದ ಪದ್ಧತಿಯಂತೆ ಕರೇಜ್ ಎಂಬ ಸುರಂಗಬಾವಿಗಳನ್ನೂ ತೋಡಿಸಿದರು. ಎತ್ತರದ ಸ್ಥಳದಲ್ಲಿ ಒಂದು ತಾಯಿಬಾವಿ. ಅಲ್ಲಿಂದ ಕಂಡೂ ಕಾಣದಷ್ಟು ಇಳಿಜಾರಾಗಿ ನೆಲದೊಳಗೆ ಸಾಗುವ ಕಾಲುವೆ. ನಡುನಡುವೆ ಮೇಲಿನಿಂದ ನೆಟ್ಟಗೆ ಇಳಿದಿರುವ ಗಾಳಿಬಾವಿಗಳು. ಏತವೂ ಬೇಡ, ಎತ್ತೂ ಬೇಡ. ನೀರು ತನ್ನ ಭಾರದಿಂದಲೇ ಹರಿದು ಬರುವುದು. ನೌಬಾದಿನ ಕರೇಜ್ ಇವುಗಳಲ್ಲಿ ಪ್ರಸಿದ್ಧವಾದುದು. ಇಪ್ಪತ್ತನೆಯ ಶತಮಾನದಲ್ಲಿ ಇದರ ಗಾಳಿಬಾವಿಗಳು ಹೂಳು ಕಸಗಳಿಂದ ಮುಚ್ಚಿಹೋಗಿದ್ದುವು. ಈಚೆಗೆ, ೨೦೧೫ರ ಆಸುಪಾಸಿನಲ್ಲಿ, ಹೂಳೆತ್ತುವ ಕೆಲಸ ನಡೆಯಿತು. ಬಾಯಿ ತೆರೆದ ಗಾಳಿಬಾವಿಯೊಂದರ ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ, ಕಾಲುವೆಯನ್ನು ತೋಡಿದವನಿಗಿಂತ ಈ ಬಾವಿಗಳನ್ನು ಎಲ್ಲೆಲ್ಲಿ ಇಳಿಸಬೇಕೆಂದು ಗುರುತು ಹಾಕಿದವನೇ ಹೆಚ್ಚು ಬುದ್ಧಿವಂತನೆಂದು ತೋರುವುದು. ಏಕೆಂದರೆ ಕಾಲುವೆಯೊಳಗಿನ ದೋಷವನ್ನು ಸರಿಪಡಿಸಲು ಮುಂದಿನವನು ಇಳಿಯುವ ದಾರಿ ಅದೊಂದೇ.

ಇಷ್ಟನ್ನು ಪೀಠಿಕೆಯಾಗಿ ಹೇಳಿದುದಕ್ಕೆ ಕಾರಣವುಂಟು. ನಾವು ವಾಸಮಾಡುವುದು ಬೀದರದ ಹೊಸ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ನಾಲ್ಕು ಅಂತಸ್ತು, ಹದಿನಾರು ಮನೆ. ಕೋಟೆಯೊಳಗಿನ ಸೋಲಾ ಖಂಬಾ ಮಸೀದಿ ಹದಿನಾರು ಕಂಬಗಳಿಂದ ಹೆಸರಾದರೆ, ನಮ್ಮ ಕಟ್ಟಡವು ಹದಿನಾರು ಅಭಿಪ್ರಾಯಗಳಿಂದ ಹೆಸರಾಗಿದೆ. ಇಲ್ಲಿಗೆ ಗಾಜಿನೆಳೆಯ ಇಂಟರ್ನೆಟ್ಟನ್ನು, ಜನರ ಮಾತಿನಲ್ಲಿ ಹೇಳುವುದಾದರೆ ಫೈಬರನ್ನು, ತರಬೇಕೆಂಬ ಮಾತು ಹುಟ್ಟಿದಾಗ ಆ ಹದಿನಾರೂ ಒಮ್ಮೆಗೇ ಹೊರಬಿದ್ದುವು.

ಮೂರನೆಯ ಅಂತಸ್ತಿನಲ್ಲಿ ನಮ್ಮ ಸಹೋದ್ಯೋಗಿಗಳಾಗಿದ್ದ ದಿವಂಗತ ಉಪಾಧ್ಯಾಯರೊಬ್ಬರ ಪತ್ನಿಯೂ ಮಗಳೂ ಇದ್ದಾರೆ. ತಾಯಿಗೆ ಮೊಣಕಾಲು ನೋವು. ಕಣ್ಣು ಸರಿಯಾಗಿ ಕಾಣಿಸದು. ಮಗಳಿಗೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮನೆಯಿಂದಲೇ ಮಾಡಬಹುದು, ಆದರೆ ಕಂಪನಿಯವರು ಹೇಳಿದ ವೇಗದ, ತುಂಡಾಗದ ಸಂಪರ್ಕ ಮನೆಯಲ್ಲಿರಬೇಕು, ಅದಕ್ಕೆ ಎರಡು ತಿಂಗಳ ಗಡುವು. ಮೊಬೈಲಿನ ಅಲೆಯು ಆ ಮನೆಯ ಒಳಕೋಣೆಯಲ್ಲಿ ಬೆಳಿಗ್ಗೆ ಬಂದರೆ ಮಧ್ಯಾಹ್ನ ಇಲ್ಲ. ಸಂಪರ್ಕ ದೊರೆಯದಿದ್ದರೆ ಹುಡುಗಿಯು ಸುಮಾರು ೭೦೦ ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕು. ತಾಯಿಯನ್ನು ಒಬ್ಬಳೇ ಬಿಡಬೇಕು, ಇಲ್ಲವೆ ಕೆಲಸವನ್ನು ಬಿಡಬೇಕು. ನಮ್ಮ ಜಿಲ್ಲೆಯ ಓದಿದ ಮಕ್ಕಳೆಲ್ಲ ಹೈದರಾಬಾದು, ಪುಣೆ, ಬೆಂಗಳೂರುಗಳ ದಾರಿ ಹಿಡಿಯುವುದನ್ನು ನಾವು ಮೂವತ್ತು ವರ್ಷಗಳಿಂದ ನೋಡುತ್ತ ಬಂದಿದ್ದೇವೆ. ಒಬ್ಬಳಾದರೂ ಇಲ್ಲಿ ಉಳಿಯುವ ಸಂಭವವಿದ್ದಾಗ ಗೋಡೆಯ ಒಂದು ರಂಧ್ರಕ್ಕಾಗಿ ಅದು ತಪ್ಪಿಹೋಗಬಾರದೆಂದು ನಮಗೆ ತೋರಿತು.

ರಂಧ್ರವೆಂದರೆ ಸಣ್ಣ ಮಾತಲ್ಲವೆಂದು ವಾದಿಸಿದವರು ಕೆಳಗಿನ ಮನೆಯ ನಿವೃತ್ತ ಓವರ್ಸಿಯರರು. ನೀರಾವರಿಯ ಕೆಲಸದಲ್ಲಿ ಆಯುಷ್ಯ ಕಳೆದವರು. ಹಿಂದೆ ಡಿಶ್ ಕಟ್ಟುವವರು ಹೊರಗೋಡೆಯಲ್ಲಿ ಮನಬಂದಂತೆ ತೂತು ಕೊರೆದುದರಿಂದ ಅವರ ದೇವರಕೋಣೆಗೆ ಎರಡು ಮಳೆಗಾಲ ನೀರಿಳಿದಿತ್ತು. "ನೀರು ಕೂದಲ ಸಂದಿಯಿಂದನೂ ಬರ್ತದ ಮಾಸ್ತರ್ರೇ. ಬಂದ ಮ್ಯಾಲ ಯಾವ ಕಂಪನಿಯವನೂ ಬರಂಗಿಲ್ಲ" ಎಂದರು. ಅವರ ಮಾತನ್ನು ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕರ್ನಾಟಕದ ೧೯೭೨ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯಂತೆ ಹೊರಗೋಡೆ, ಮೆಟ್ಟಿಲು, ಮಾಳಿಗೆಗಳು ಹಂಚಿಕೊಳ್ಳಲಾಗದ ಸಮಾನ ಸ್ವತ್ತು. ಒಬ್ಬರ ಅನುಕೂಲಕ್ಕಾಗಿ ಎಲ್ಲರ ಗೋಡೆಯನ್ನು ಮುಟ್ಟುವಾಗ ಎಲ್ಲರನ್ನೂ ಕೇಳುವುದು ಧರ್ಮವೇ ಸರಿ.

ಇದರ ಜೊತೆಗೆ ಒಂದು ಕಂಪನಿಯ ಪ್ರತಿನಿಧಿ ಬಂದು, ಇಡೀ ಕಟ್ಟಡಕ್ಕೆ ಪುಕ್ಕಟೆಯಾಗಿ ಎಳೆ ಎಳೆದುಕೊಡುವುದಾಗಿಯೂ, ಮುಂದೆ ಬೇರೆ ಯಾರನ್ನೂ ಒಳಗೆ ಬಿಡಬಾರದೆಂದೂ ಒಂದು ಕಾಗದವನ್ನು ಮುಂದಿಟ್ಟನು. ಪುಕ್ಕಟೆ ಎಂಬ ಶಬ್ದಕ್ಕೆ ಆರೇಳು ಮನೆಯವರು ಕರಗಿದರು. ಸಭೆ ಮುರಿಯಿತು. ಕೊನೆಗೆ, ಬೇರೆ ಕಡೆಗಳಲ್ಲಿ ಹೇಗೆ ನಡೆದಿದೆಯೆಂದು ನೋಡಿ ಬರುವ ಕೆಲಸವು, ಕೆಲಸವಿಲ್ಲದ ನಿವೃತ್ತರೆಂಬ ಕಾರಣದಿಂದ, ನಮ್ಮ ಪಾಲಿಗೆ ಬಂದಿತು.

ಹೊರಡುವ ಮುನ್ನ ವಸ್ತುವೇನೆಂದು ತಿಳಿದುಕೊಂಡೆವು. ವಾಚಕರಲ್ಲಿ ಅನೇಕರಿಗೆ ಇದು ತಿಳಿದಿರಬಹುದು; ತಿಳಿಯದವರಿಗಾಗಿ ಎರಡು ಮಾತು. ಕೂದಲಿನಷ್ಟು ಸಪುರವಾದ ಶುದ್ಧ ಗಾಜಿನ ತಂತು. ಅದರ ಹೊರಮೈ ಸಹಿತ ದಪ್ಪ ಮಿಲಿಮೀಟರಿನ ಎಂಟನೆಯ ಒಂದು ಪಾಲು. ಬೆಳಕು ಹರಿಯುವುದು ಅದರ ನಡುವಿನ ತಿರುಳಿನಲ್ಲಿ. ಈ ತಿರುಳು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟೂ ಇಲ್ಲ. ತಿರುಳಿನ ಗಾಜು ಸುತ್ತಲಿನ ಗಾಜಿಗಿಂತ ತುಸು ಸಾಂದ್ರವಾಗಿರುವುದರಿಂದ ಒಳಹೊಕ್ಕ ಬೆಳಕು ಹೊರಗೆ ಸೋರದೆ ಅಂಚಿನಿಂದ ಒಳಕ್ಕೇ ಮರಳುತ್ತ ಮುಂದೆ ಸಾಗುವುದು. ಇದನ್ನು ಮೊದಲು ಜನರಿಗೆ ತೋರಿಸಿದುದು ಗಾಜಿನಲ್ಲಿ ಅಲ್ಲ, ನೀರಿನಲ್ಲಿ. ೧೮೪೦ರ ದಶಕದ ಮೊದಲಲ್ಲಿ ಜಿನೀವಾದ ಕೊಲಾಡನ್ ಎಂಬ ವಿದ್ವಾಂಸನು, ಪಾತ್ರೆಯ ರಂಧ್ರದಿಂದ ಬಾಗಿ ಬೀಳುವ ನೀರಿನ ಧಾರೆಯೊಡನೆ ಬೆಳಕೂ ಬಾಗಿ ಇಳಿಯುವುದನ್ನು ತೋರಿಸಿದನು. ನಮ್ಮ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ೧೯೫೪ರಲ್ಲಿ ಹಾಪ್ಕಿನ್ಸರೊಡನೆ ಗಾಜಿನೆಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಕಳುಹಿಸಿದ ವಿಷಯವನ್ನು ಪ್ರಕಟಿಸಿದರು. ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ಬಹುದೂರ ಸುದ್ದಿ ಕಳುಹಿಸಬಹುದೆಂದು ೧೯೬೬ರಲ್ಲಿ ಚಾರ್ಲ್ಸ್ ಕಾವೋ ಅವರು ಲೆಕ್ಕ ಹಾಕಿ ತೋರಿಸಿದರು. ೨೦೦೯ರಲ್ಲಿ ಅದಕ್ಕೆ ನೊಬೆಲ್ ಪಾರಿತೋಷಕ ಬಂದಿತು. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಬೀದರದಿಂದ ಬೆಂಗಳೂರಿಗೆ ನೇರವಾದ ಎಳೆಯಿದ್ದರೆ ರೆಪ್ಪೆ ಮಿಟುಕಿಸುವುದರೊಳಗೆ ಹಲವು ಸಲ ಹೋಗಿ ಬರಬಹುದು.

ಮೊದಲು ಭಾಲ್ಕಿಗೆ ಹೊರಟೆವು. ವಿಕಾರಾಬಾದಿನಿಂದ ಪರಳಿಗೆ ಹೋಗುವ ರೈಲುಮಾರ್ಗದಲ್ಲಿ ಬೀದರವನ್ನು ದಾಟಿದ ಮೇಲೆ ಬರುವ ಊರು. ತೊಗರಿ, ಸೋಯಾ, ಕಬ್ಬುಗಳ ಹೊಲಗಳು. ನಡುನಡುವೆ ಬೋಳು ದಿನ್ನೆ. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರ ಹೆಸರನ್ನು ಕೇಳದ ಕನ್ನಡಿಗನು ಈ ಸೀಮೆಯಲ್ಲಿಲ್ಲ. ನಿಜಾಮರ ಆಳಿಕೆಯಲ್ಲಿ, ಕನ್ನಡ ಶಾಲೆಯನ್ನು ನಡೆಸುವುದು ಕಷ್ಟವಾಗಿದ್ದ ದಿನಗಳಲ್ಲಿ, ಅವರು ಹೊರಗೆ ಉರ್ದುವಿನ ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರು. ನಾವು ಕಲಿತು ಕಲಿಸಿದ ಕನ್ನಡಕ್ಕೆ ಆ ಫಲಕದ ಹಿಂದಿನ ಕೋಣೆಯ ಋಣವಿದೆ. ಮಠದ ಮುಂದೆ ಹಾಯುವಾಗಲೆಲ್ಲ ನಾವು ಕೆಲವು ನಿಮಿಷ ನಿಲ್ಲುವುದುಂಟು.

ಅಲ್ಲಿಂದ ನಮ್ಮ ಷಡ್ಡಕರ ಮನೆಗೆ ಹೋದೆವು. ಅವರದೂ ಮೂರಂತಸ್ತಿನ ಅಪಾರ್ಟ್‌ಮೆಂಟು. ಬಾಗಿಲಲ್ಲೇ ಫೈಬರ್ ಎಂದು ದೊಡ್ಡದಾಗಿ ಬರೆದ ಚೀಟಿ ಅಂಟಿಸಿದ್ದಿತು. "ಚೀಟಿ ನೋಡಿ ಮೋಸ ಹೋಗಬ್ಯಾಡ್ರಿ ಅಣ್ಣಾ, ಮ್ಯಾಲ ಬರ್ರಿ" ಎಂದು ಮಾಳಿಗೆಗೆ ಕರೆದೊಯ್ದರು. ಗಾಜಿನೆಳೆಯು ಬೀದಿಯ ಕಂಬದಿಂದ ಮಾಳಿಗೆಯ ಒಂದು ಡಬ್ಬಿಯವರೆಗೆ ಬಂದಿದೆ, ನಿಜ. ಅಲ್ಲಿಗೆ ಮುಗಿಯಿತು. ಡಬ್ಬಿಯಿಂದ ಮನೆಮನೆಗೆ ಇಳಿದಿರುವುದು ನೀಲಿ ಹೊದಿಕೆಯ ತಾಮ್ರದ ತಂತಿ. ಡಬ್ಬಿಯ ವಿದ್ಯುತ್ತು ಹೋದರೆ ಎಲ್ಲ ಮನೆಗಳ ಸಂಪರ್ಕವೂ ಹೋಗುವುದು. ಹಿಂದಿನ ಬೇಸಗೆಯ ಕೊನೆಯಲ್ಲಿ ಸಿಡಿಲಿನ ಹೊಡೆತವು ತಾಮ್ರದ ದಾರಿಯಲ್ಲೇ ಇಳಿದು ಐದು ಮನೆಗಳ ಉಪಕರಣಗಳನ್ನು ಸುಟ್ಟಿತಂತೆ. ಗವಾನನ ಮದರಸಾದ ಒಂದು ಭಾಗ ೧೬೯೬ರಲ್ಲಿ ಕುಸಿದುದಕ್ಕೆ ಸಿಡಿಲೂ ಒಂದು ಕಾರಣವೆಂದು ಹೇಳುವುದುಂಟು. ಈ ಸೀಮೆಯ ಸಿಡಿಲನ್ನು ಹಗುರವಾಗಿ ಎಣಿಸಲಾಗದು. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ. ಆದರೆ ಎಳೆಗೆ ಬಲ ಬರಲೆಂದು ಜೊತೆಯಲ್ಲಿ ಉಕ್ಕಿನ ತಂತಿ ಸೇರಿಸಿರುವ ಕೇಬಲುಗಳೂ ಉಂಟು. ಆದುದರಿಂದ ಮನೆಯೊಳಗೆ ಬರುವ ಎಳೆಯಲ್ಲಿ ಲೋಹವಿರಬಾರದೆಂದು ಕೇಳಿ ಪಡೆಯಬೇಕು. ಹೊರಗೆ ಒಂದು ಫಲಕ, ಒಳಗೆ ಇನ್ನೊಂದು ವಸ್ತು: ಪಟ್ಟದ್ದೇವರು ಮಾಡಿದುದೂ ಅದೇ, ಈ ವ್ಯಾಪಾರಿ ಮಾಡಿದುದೂ ಅದೇ. ಎರಡಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ಬೇರೆ ಕಂಪನಿಯನ್ನು ಏಕೆ ಕರೆಸಲಿಲ್ಲವೆಂದು ಕೇಳಿದೆವು. ಅವರೂ ಪುಕ್ಕಟೆಯ ಕಾಗದಕ್ಕೆ ರುಜು ಹಾಕಿದ್ದರು. ಆ ಮಾತನ್ನು ನಾವು ಟಿಪ್ಪಣಿ ಪುಸ್ತಕದಲ್ಲಿ ಅಡಿಗೆರೆ ಹಾಕಿ ಬರೆದುಕೊಂಡೆವು.

ಮರುದಿನ ಬಸ್ಸಿನಲ್ಲಿ ಔರಾದಿಗೆ. ಮಾಂಜ್ರಾ ನದಿಯನ್ನು ದಾಟಿದರೆ ನೆಲದ ಬಣ್ಣವೇ ಬೇರೆ, ಎರೆಭೂಮಿ. ಔರಾದು ಕರ್ನಾಟಕದ ಉತ್ತರದ ತುದಿ. ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ. ಸಂತೆಯಲ್ಲಿ ನಿಂತರೆ ಒಂದೇ ವಾಕ್ಯದಲ್ಲಿ ಕನ್ನಡ, ಮರಾಠಿ, ದಖನಿಗಳು ಬಂದು ಹೋಗುವುವು. ವ್ಯಾಕರಣಕ್ಕೆ ಭಂಗ, ವ್ಯವಹಾರಕ್ಕೆ ಅಲ್ಲ. ದೇವಣಿ ತಳಿಯ ಕಪ್ಪು ಬಿಳುಪಿನ ದನಗಳು ದಾರಿಯಲ್ಲಿ ಸಿಕ್ಕುವುವು. ಅಮರೇಶ್ವರನ ದರ್ಶನ ಮಾಡಿಕೊಂಡು, ನಮ್ಮ ಹಳೆಯ ಶಿಷ್ಯನೊಬ್ಬನು ಕೆಲಸಮಾಡುವ ಹತ್ತಿರದ ಹಳ್ಳಿಯ ಪಂಚಾಯಿತಿಗೆ ಹೋದೆವು.

ಹಳ್ಳಿಗಳ ಪಂಚಾಯಿತಿಗಳಿಗೆಲ್ಲ ಗಾಜಿನೆಳೆಯನ್ನು ಮುಟ್ಟಿಸುವ ಯೋಜನೆಯನ್ನು ಕೇಂದ್ರ ಸರ್ಕಾರವು ೨೦೧೧ರ ಅಕ್ಟೋಬರಿನಲ್ಲಿ ಮಂಜೂರು ಮಾಡಿತು. ೨೦೧೫ರಲ್ಲಿ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದಿತು. ಸುಮಾರು ಎರಡೂವರೆ ಲಕ್ಷ ಪಂಚಾಯಿತಿಗಳು ಅದರ ಗುರಿ. ದೆಹಲಿಯ ಕಾಗದದ ಮೇಲಿನ ಗೆರೆಯೊಂದು ಔರಾದಿನ ಎರೆಹೊಲದ ಅಂಚಿನಲ್ಲಿ ನಿಜವಾದ ಎಳೆಯಾಗಿ ಬಂದು ನಿಂತಿದೆಯೆಂಬುದೇನೂ ಸಾಮಾನ್ಯವಲ್ಲ. ಆದರೆ ನಾವು ಹೋದ ದಿನ ಪಂಚಾಯಿತಿಯ ಜಗಲಿಯಲ್ಲಿ ಏಳೆಂಟು ಹೆಂಗಸರು ಪಹಣಿಗಾಗಿ ಕುಳಿತಿದ್ದರು. ರಸ್ತೆ ಅಗಲ ಮಾಡುವವರ ಜೇಸಿಬಿ ಮೂರು ಮೈಲಿ ಆಚೆ ಎಳೆಯನ್ನು ಕಿತ್ತು ಎರಡು ದಿನವಾಗಿತ್ತು. ಒಬ್ಬಾಕೆ ಒಂದು ದಿನದ ಕೂಲಿ ಬಿಟ್ಟು ಎರಡನೆಯ ಸಲ ಬಂದಿದ್ದಳು. "ದಾರಿ ಒಂದ ಇದ್ರ ಹಿಂಗ ಆಗ್ತದ್ರಿ ಗುರುಗಳೇ. ಎರಡ ಕಡಿಂದ ಬಂದಿದ್ರ ಒಂದು ಹರದ್ರೂ ಇನ್ನೊಂದು ನಡೀತಿತ್ತು" ಎಂದು ಶಿಷ್ಯನು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಗೆರೆಯನ್ನೂ ಒಂದು ಬಳೆಯಾಕಾರವನ್ನೂ ಬರೆದು ತೋರಿಸಿದನು. ಹಿಂದೆ ಅವನಿಗೆ ನಾವು ಪಾಠ ಹೇಳಿದುದು ಹೀಗೆಯೇ. ೨೦೨೩ರ ಆಗಸ್ಟಿನಲ್ಲಿ ಮಂಜೂರಾದ ೧.೩೯ ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಯಲ್ಲಿ ಪಂಚಾಯಿತಿಗಳನ್ನು ಬಳೆಯಾಕಾರದಲ್ಲಿಯೇ ಜೋಡಿಸುವ ಉದ್ದೇಶವಿದೆ. ಅಗೆಯುವವರು ಮೊದಲೇ ತಿಳಿಸಲೆಂದು ೨೦೨೩ರ ಮಾರ್ಚಿನಲ್ಲಿ ಸರ್ಕಾರವು ಒಂದು ಮೊಬೈಲ್ ಆ್ಯಪನ್ನೂ ಹೊರತಂದಿದೆ. ಜೇಸಿಬಿಯ ಮೇಲೆ ಕುಳಿತವನಿಗೆ ಅದರ ಹೆಸರನ್ನು ಯಾರಾದರೂ ಹೇಳಬೇಕು, ಅಷ್ಟೆ.

ಬೀದರಕ್ಕೆ ಮರಳಿದೊಡನೆ ನಾವು ಓವರ್ಸಿಯರರ ಮನೆಗೆ ಹೋದೆವು. ಸಭೆಗಿಂತ ಮೊದಲು ಅವರೊಡನೆ ಮಾತನಾಡುವುದು ಉಚಿತವೆಂದು. ಭಾಲ್ಕಿಯ ಕಾಗದದ ಕಥೆಯನ್ನೂ ಔರಾದಿನ ಜಗಲಿಯ ಕಥೆಯನ್ನೂ ಹೇಳಿ, ಹೊರಗೋಡೆಯನ್ನು ಮುಟ್ಟದೆ ಎಳೆಯನ್ನು ತರುವ ಬಗೆ ಇದೆಯೇ ಎಂದು ಕೇಳಿದೆವು. ಅವರು ಚಹಾ ಮುಗಿಸುವವರೆಗೆ ಸುಮ್ಮನಿದ್ದು, "ಕರೇಜಿನ ಗಾಳಿಬಾವಿ ಇದ್ದಂಗ ನಮ್ಮ ಕಟ್ಟಡದಾಗೂ ಒಂದದ ಅಲ್ರಿ?" ಎಂದರು. ನೀರಿನ ಕೊಳವೆಗಳು ಇಳಿಯುವ, ಕೆಳಗಿನಿಂದ ಮಾಳಿಗೆಯವರೆಗೆ ನೆಟ್ಟಗೆ ಏರಿರುವ, ಎಲ್ಲ ಅಂತಸ್ತುಗಳಲ್ಲೂ ಸಣ್ಣ ಬಾಗಿಲಿರುವ ಕಿರಿದಾದ ಓಣಿ! ಹನ್ನೆರಡು ವರ್ಷಗಳಿಂದ ಅದರ ಮುಂದೆಯೇ ಎಲ್ಲರೂ ಚಪ್ಪಲಿ ಬಿಡುತ್ತಿದ್ದೆವು.

ಸಭೆ ಸೇರಿತು. ಓವರ್ಸಿಯರರೇ ನಕ್ಷೆ ಹಿಡಿದು ನಿಂತುದರಿಂದ ವಾದವು ಅರ್ಧಗಂಟೆಯಲ್ಲಿ ಮುಗಿಯಿತು. ಆ ಓಣಿಯಲ್ಲಿ ಸಂಘದ ಖರ್ಚಿನಿಂದ ಒಂದು ಪ್ಲಾಸ್ಟಿಕ್ ಕೊಳವೆ, ಅಂತಸ್ತಿಗೊಂದು ಡಬ್ಬಿ, ಕೊಳವೆ ನಮ್ಮದು, ಎಳೆ ಅವರದು, ಯಾವ ಕಂಪನಿಯವರು ಬಂದರೂ ಅದರಲ್ಲೇ ತರಬೇಕು, ಯಾರಿಗೂ ಏಕಸ್ವಾಮ್ಯವಿಲ್ಲ, ಮನೆಯ ಬಾಗಿಲವರೆಗೂ ಗಾಜಿನೆಳೆಯೇ ಬರಬೇಕು. ಮನೆಗೆ ಏಳುನೂರು ರೂಪಾಯಿಯೊಳಗೆ ಬಿದ್ದಿತು. ಪುಕ್ಕಟೆಯ ಪಕ್ಷದವರು ಸ್ವಲ್ಪ ಗೊಣಗಿದರು. ಕಟ್ಟಡಗಳಿಗೆ ಅವುಗಳ ಸಂಪರ್ಕದ ಗುಣವನ್ನು ನೋಡಿ ನಕ್ಷತ್ರದ ದರ್ಜೆ ಕೊಡುವ ನಿಯಮಗಳನ್ನು ಟೆಲಿಕಾಂ ನಿಯಂತ್ರಣ ಪ್ರಾಧಿಕಾರವು ೨೦೨೪ರಲ್ಲಿ ಮಾಡಿರುವುದನ್ನು ಹೇಳಿ, ಮಾರುವಾಗ ಮನೆಗೆ ಬೆಲೆ ಬರಬಹುದೆಂದೆವು. ಆ ಮಾತು ನಾಟಿತು.

ಎಳೆ ಬಂದ ದಿನ ಇಡೀ ಕಟ್ಟಡವೇ ಮೆಟ್ಟಿಲ ಮೇಲೆ ನೆರೆದಿತ್ತು. ಜೋಡಿಸಲು ಬಂದ ಹುಡುಗ ಹಳೆಯ ಊರಿನ ಚೌಬಾರಾದ ಹತ್ತಿರದವನು. ಅವನ ತಾತ ಬಿದರಿ ಕೆಲಸದವನಂತೆ; ಕರಿಯ ಲೋಹದ ಮೇಲೆ ಸಣ್ಣ ಗೀರು ಕೊರೆದು ಅದರಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸುವ ವಿದ್ಯೆ. ಮೊಮ್ಮಗನ ಕೈಯಲ್ಲೂ ಆ ನಯವಿದ್ದಿತು. ಎಳೆಯ ಹೊದಿಕೆಯನ್ನು ಸುಲಿದು, ಸ್ಪಿರಿಟಿನಲ್ಲಿ ಒರಸಿ, ತುದಿಯನ್ನು ಕನ್ನಡಿಯಂತೆ ನೇರವಾಗಿ ಕತ್ತರಿಸಿ, ಎರಡು ತುದಿಗಳನ್ನು ಅಂಗೈಯಗಲದ ಯಂತ್ರದಲ್ಲಿಟ್ಟು ಮುಚ್ಚಿದನು. ಒಳಗೆ ವಿದ್ಯುತ್ಕಿಡಿ ಹಾರಿ ಗಾಜು ಗಾಜಿಗೆ ಕರಗಿ ಕೂಡಿತು. ತುಂಡಾದ ಚೂರುಗಳನ್ನು ಎಣಿಸಿ ಒಂದು ಡಬ್ಬಿಗೆ ಹಾಕಿದುದನ್ನು ಕಂಡು ನಮಗೆ ಅವನಲ್ಲಿ ವಿಶ್ವಾಸ ಹುಟ್ಟಿತು. ಆ ಚೂರು ಮಗುವಿನ ಕಾಲಿಗೆ ನೆಟ್ಟರೆ ಕಣ್ಣಿಗೆ ಕಾಣದು. "ಮಾಸ್ತರ್ ಸಾಬ್, ತುದಿಯೊಳಗ ನೋಡಬ್ಯಾಡ್ರಿ" ಎಂದು ನಮ್ಮನ್ನು ಎಚ್ಚರಿಸಿದನು. ಹರಿಯುವುದು ಕೆಂಪಿನಾಚೆಯ, ಕಣ್ಣಿಗೆ ಕಾಣಿಸದ ಬೆಳಕು. ಕಾಣಿಸದಿದ್ದರೂ ಕಣ್ಣಿಗೆ ಕೆಡುಕು. ಒಂದೇ ಎಳೆಯಲ್ಲಿ ಬರುವ ಬೆಳಕಿಗೆ ಒಂದು ಅಲೆಯುದ್ದ, ಹೋಗುವ ಬೆಳಕಿಗೆ ಇನ್ನೊಂದು, ಎದುರುಬದುರಾದರೂ ಡಿಕ್ಕಿಯಿಲ್ಲ. ಕೆಳಗಿನ ಡಬ್ಬಿಯಲ್ಲಿ ಸ್ಪ್ಲಿಟರ್ ಎಂಬ ಸಾಧನವು ಒಂದು ಬೆಳಕನ್ನು ತೀರ್ಥ ಹಂಚಿದಂತೆ ಎಲ್ಲ ಮನೆಗಳಿಗೂ ಹಂಚುವುದು. ಹಂಚಿದಷ್ಟೂ ಬೆಳಕು ಕ್ಷೀಣಿಸುವುದರಿಂದ, ಪ್ರತಿ ಮನೆಯಲ್ಲೂ ಮಾಪಕವನ್ನಿಟ್ಟು ಎಷ್ಟು ಉಳಿಯಿತೆಂದು ಓದಿ ನಮ್ಮ ರಿಜಿಸ್ಟರಿನಲ್ಲಿ ಬರೆಯಿಸಿದೆವು.

ಮೂಲೆಯಲ್ಲಿ ಎಳೆಯನ್ನು ಮಡಿಸಬಾರದೆಂಬುದನ್ನು ಗೃಹಿಣಿಯರು ಮುಖ್ಯವಾಗಿ ನೆನಪಿಡಬೇಕು. ಹಳೆಯ ಬಗೆಯ ಎಳೆಗೆ ಕೈಬಳೆಯಷ್ಟು ಸುತ್ತು ಬೇಕು. ಈಚಿನದಕ್ಕೆ ಉಂಗುರದಷ್ಟಾದರೂ ಬೇಕು. ಅದಕ್ಕಿಂತ ಬಿಗಿಯಾದರೆ ಬೆಳಕು ಹೊರಗೆ ಸೋರುವುದು. ಕಪಾಟಿನ ಹಿಂದೆ ಒತ್ತಿ, ದೋಷವು ಕಂಪನಿಯದೆಂದು ದೂರುವವರು ಅನೇಕರು. ಬಾಗಿಲ ಪಕ್ಕದ ರಂಧ್ರವನ್ನು ಓವರ್ಸಿಯರರು ಸ್ವತಃ ಗುರುತು ಹಾಕಿ, ಹೊರಮುಖವಾಗಿ ಕೆಳಕ್ಕೆ ಓರೆಯಾಗಿ ಕೊರೆಯಿಸಿದರು. ನೀರು ಬಂದರೂ ಒಳಕ್ಕೆ ಏರದು. ಕೆಲಸವೆಲ್ಲ ಮುಗಿದ ಮೇಲೆ ಕೊಳವೆಯೊಳಗೆ ಮಾಳಿಗೆಯಿಂದ ಕೆಳಗಿನವರೆಗೆ ಒಂದು ನೈಲಾನ್ ಹಗ್ಗವನ್ನು ಇಳಿಬಿಡಿಸಿ ಎರಡು ತುದಿಗಳನ್ನೂ ಕಟ್ಟಿಸಿದರು. ಏಕೆಂದು ಕೇಳಿದರೆ, ಮುಂದೆ ಎಳೆ ಎಳೆಯಲು ಬರುವವನಿಗೆ ಎಂದರು.

ಮೂರನೆಯ ಅಂತಸ್ತಿನ ಹುಡುಗಿ ಗಡುವಿಗೆ ಒಂಬತ್ತು ದಿನ ಮೊದಲೇ ಕೆಲಸಕ್ಕೆ ಕುಳಿತಳು. ಎರಡನೆಯ ದಿನವೇ ಕರೆಂಟು ಹೋಗಿ ಮಾತು ನಡುವೆ ನಿಂತಿತು. ಹಳೆಯ ಟೆಲಿಫೋನಿನಂತೆ ಗಾಜಿನೆಳೆಯು ತನ್ನೊಡನೆ ವಿದ್ಯುತ್ತನ್ನು ತರುವುದಿಲ್ಲ. ಮನೆಯ ಪೆಟ್ಟಿಗೆಗೆ ಮನೆಯ ಕರೆಂಟೇ ಬೇಕು. ಹನ್ನೆರಡು ವೋಲ್ಟಿನ ಒಂದು ಸಣ್ಣ ಬ್ಯಾಟರಿ ಪೆಟ್ಟಿಗೆಯನ್ನು ಮಾರನೆಯ ದಿನವೇ ತಂದು ಜೋಡಿಸಿದೆವು, ಆಮೇಲೆ ತೊಂದರೆಯಾಗಿಲ್ಲ. ಮೊನ್ನೆ ಆಕೆಯ ತಾಯಿ ಮೆಟ್ಟಿಲ ಬಳಿ ಸಿಕ್ಕಾಗ ಸುಖದುಃಖ ವಿಚಾರಿಸಿದೆವು. "ಏನ್ ಹೇಳ್ಲಿ ಮಾಸ್ತರ್ರೇ, ಮುಂಜಾನಿಂದ ಬಾಗಿಲಾ ಮುಚ್ಕೊಂಡು ಇಂಗ್ಲಿಷಿನಾಗ ಮಾತಾಡ್ತಾಳ. ಊಟಕ್ಕ ಕರದ್ರ ಕೈ ಸನ್ನಿ ಮಾಡ್ತಾಳ" ಎಂದು ದೂರಿ, ಮಗಳಿಗೆ ರೊಟ್ಟಿ ಬಿಸಿಯಿರುವಾಗಲೇ ಕೊಡಬೇಕೆಂದು, ಗೋಡೆ ಹಿಡಿದುಕೊಂಡು ಒಳಗೆ ಹೋದರು.